ಸಹಾಯ ಬೇಕು: ಹತ್ತು ವರ್ಷದ ಮಗನಿಗೆ ಬಿಲ್ಲುಬೇಟೆ

ಎಲ್ಲರಿಗೂ ನಮಸ್ಕಾರ. ನಾವಿರೋದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಪಕ್ಕದ ಮನೆಯವರನ್ನು ನೋಡಿ ಮಗನಿಗೂ ಬಿಲ್ಲು ಹಿಡಿದು ಜಿಂಕೆ ಬೇಟೆಗೆ ಹೋಗುವ ಹುಚ್ಚು. (ಊರಲ್ಲಿ ಅಜ್ಜಿಗೆ ಇನ್ನೂ ಹೇಳಿಲ್ಲ!) ಕಲಿಸುವವರು ಕೈಗೆಟುಕುವಷ್ಟು ಹತ್ತಿರ ಇದ್ದರೆ ಇಲ್ಲಿ ಮಕ್ಕಳೂ ಹೋಗಬಹುದು. ಆದರೆ ಜಿಂಕೆಗೆ ಕನಿಷ್ಠ 30 ಪೌಂಡ್ ಎಳೆತದ (ಅಂದರೆ ಹೆದೆ ಎಳೆಯಲು ಅಷ್ಟು ಬಲ ಬೇಕಾಗುವ) ಬಿಲ್ಲು ಬೇಕು. ಇವನಿಗೆ 20 ಪೌಂಡ್ ಎಳೆಯುವಷ್ಟರಲ್ಲೇ ಭುಜ ನಡುಗುತ್ತದೆ.

ಮೊನ್ನೆ ಹಿತ್ತಲಲ್ಲಿ ಹೆದೆ ಬಡಿದು ಮುಂಗೈ ಮೇಲೆ ಕೆಂಪಗೆ ಬಾಸುಂಡೆ ಎದ್ದಿತು. ಮುಂಗೈಗೆ ರಕ್ಷಣೆಯ ಗಾರ್ಡ್ ಕಟ್ಟದೆ ಬಿಟ್ಟಿದ್ದು ನನ್ನದೇ ತಪ್ಪು. ಬಾಣ ಹೂಡದೆ ಸುಮ್ನೆ ಹೆದೆ ಎಳೆದು ಬಿಟ್ಟರೆ ಬಿಲ್ಲೇ ಮುರಿಯಬಹುದು ಅಂತಲೂ ಆಮೇಲೆ ಗೊತ್ತಾಯಿತು.

ನನಗೆ ಬಾಣದ ಬ್ಲೇಡಿಗಿಂತ ಬೇಟೆಗಾರರು ಕಾದು ಕೂರುವ ಮರದ ಮೇಲಿನ ಅಟ್ಟಣೆಯ ಭಯವೇ ಜಾಸ್ತಿ, ಬಿದ್ದರೆ ಅಂತ. ಈ ಸೆಪ್ಟೆಂಬರ್‌ನ ಬೇಟೆಗೆ ಅವನ ಕೈಗೆ ಬಿಲ್ಲು ಕೊಡದೆ, ನೆಲದ ಮೇಲೆಯೇ ಜಿಂಕೆಗೆ ಕಾಣದಂತೆ ಅಡಗಿ ಕೂರುವ ಮರೆಯಲ್ಲಿ ಸುಮ್ನೆ ಜೊತೆಗೆ ಕೂರಿಸಿಕೊಂಡರೆ ಸಾಕಲ್ವಾ? ಮಕ್ಕಳನ್ನು ಕರೆದುಕೊಂಡು ಹೋದವರು ಇದ್ದರೆ ದಯವಿಟ್ಟು ಹೇಳಿ.