ಸಹಾಯ ಬೇಕು: ಎರಡು ದೇಶಗಳ ಕಾಡಿನ ಲೆಕ್ಕ ಹೊಂದಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಊರು ಶಿರಸಿ, ಈಗ ಇರುವುದು ಗೋವಾದ ಫೋಂಡಾದಲ್ಲಿ. ಭಾರತ ಮತ್ತು ಶ್ರೀಲಂಕಾದ ಕಾಡಿನ ಅಂಕಿಅಂಶ ಒಟ್ಟಿಗೆ ಇಡುವ ಕೆಲಸ ಹಿಡಿದಿದ್ದೇನೆ, ಎರಡು ವಾರದಿಂದ ಒಂದೇ ಕಡೆ ಸಿಕ್ಕಿಕೊಂಡಿದ್ದೇನೆ.

ನಮ್ಮ ಅರಣ್ಯ ಸರ್ವೇಕ್ಷಣೆಯವರು ಕನಿಷ್ಠ 1 ಹೆಕ್ಟೇರ್ ಜಾಗ ಇದ್ದು, ಮೇಲಿಂದ ನೋಡಿದಾಗ ಮರದ ಎಲೆ ಕೊಂಬೆ 10% ನೆಲ ಮುಚ್ಚಿದ್ದರೆ ಅರಣ್ಯ ಹೊದಿಕೆ ಅಂತ ಎಣಿಸುತ್ತಾರೆ, ಜಾಗ ಯಾರದ್ದು, ಮರ ಯಾವುದು ಅಂತ ನೋಡುವುದಿಲ್ಲ. ಶ್ರೀಲಂಕಾಕ್ಕೆ ನಾನು ನೋಡುತ್ತಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ (ಎಫ್‌ಎಒ) ಲೆಕ್ಕವೇ ಬೇರೆ. 0.5 ಹೆಕ್ಟೇರ್ ಜಾಗ, 5 ಮೀಟರ್ ಎತ್ತರದ ಮರ, ಅದೇ 10%, ಆದರೆ ಹಣ್ಣಿನ ತೋಟ ಸೇರಿಸುವ ಹಾಗಿಲ್ಲ.

ನಮ್ಮ ಮನೆ ಹಿಂದಿನ ಗುಡ್ಡದಲ್ಲಿ ಗೇರು ತೋಟ ಇದೆ. ಮೇ ತಿಂಗಳಲ್ಲಿ ಹಣ್ಣಿನ ವಾಸನೆ ಅಡುಗೆಮನೆವರೆಗೂ ಬರುತ್ತದೆ. ಉಪಗ್ರಹದ ಚಿತ್ರದಲ್ಲಿ ಅದೂ ಪಕ್ಕದ ಕಾಡೂ ಒಂದೇ ಹಸಿರು! ಒಂದು ಲೆಕ್ಕದಲ್ಲಿ ಕಾಡು, ಇನ್ನೊಂದರಲ್ಲಿ ತೋಟ. ಇದನ್ನು ಸರಿಮಾಡದೆ ಹೋಲಿಸಿದರೆ ಒಂದು ಗಿಡವನ್ನೂ ನೆಡದೆ ಕಾಡು ಜಾಸ್ತಿಯಾದ ಹಾಗೆ ಕಾಣುತ್ತದೆ, ಅದನ್ನೇ ನಂಬಿ ನೀತಿ ಮಾಡಿದರೆ ನಿಜವಾದ ಕಾಡಿಗೆ ಪೆಟ್ಟು, ಅಲ್ವಾ? ವರ್ಷಗಳೂ ಕೂಡಿಬರುವುದಿಲ್ಲ, ನಮ್ಮ ವರದಿ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ, ಎಫ್‌ಎಒದ್ದು 5 ವರ್ಷಕ್ಕೊಮ್ಮೆ.

ಪ್ರಕಟವಾದ ಅಂಕಿಯಿಂದ ತೋಟ ಕಳೆಯಬೇಕಾ, ಇಲ್ಲ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರಗಳಿಂದ (ಒಂದು ಚುಕ್ಕಿ ಅಂದರೆ ನೆಲದ ಮೇಲೆ 30 ಮೀಟರ್) ಎರಡೂ ದೇಶಕ್ಕೆ ಒಂದೇ ನಿಯಮ ಹಾಕಿ ಮೊದಲಿಂದ ಎಣಿಸಬೇಕಾ? ಎರಡನೆಯದೇ ಸರಿ ಅಂತ ನನಗೆ ಅನ್ನಿಸುತ್ತದೆ, ಆದರೆ ತೋಟ ಬೇರೆ ಮಾಡುವುದು ಗೊತ್ತಾಗುತ್ತಿಲ್ಲ. ಪುಣೆ, ಮುಂಬೈಯಲ್ಲಿ ಜಿಐಎಸ್ (ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ) ಕೆಲಸ ಮಾಡುವವರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲೇ ಬರೆಯಿರಿ. ಮಡಗಾಂವ್ ಕಡೆಯವರಾದರೆ ಭಾನುವಾರ ಲ್ಯಾಪ್‌ಟಾಪ್ ಹಿಡಿದು ನಾನೇ ಬರುತ್ತೇನೆ.