ಇನ್ಸುಲಿನ್ ಪೆನ್ನಿನಲ್ಲಿ ಔಷಧಿ ಪೂರ್ತಿ ಹೋಯಿತೆಂಬುದು ಬಳಸುವವರಿಗೆ ತಿಳಿಯುವುದು ಹೇಗೆ?

ಪ್ರಶ್ನೆ: ಮೆಕ್ಯಾನಿಕಲ್ ವಿದ್ಯಾರ್ಥಿನಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ನಮ್ಮ ತಂಡವು ಕಾರ್ಟ್ರಿಡ್ಜ್ (ಔಷಧಿ ತುಂಬಿದ ಕೊಳವೆ) ಬದಲಾಯಿಸಿ ಮತ್ತೆ ಮತ್ತೆ ಬಳಸಬಹುದಾದ ಇನ್ಸುಲಿನ್ ಪೆನ್ನಿನ ಮಾದರಿಯೊಂದನ್ನು ರೂಪಿಸುತ್ತಿದೆ. ಡಯಲ್ ತಿರುಗಿಸಿ ಪ್ರಮಾಣ ಇಟ್ಟುಕೊಳ್ಳುವುದು, ಯೂನಿಟ್ಟಿಗೊಂದು ಟಿಕ್ ಸದ್ದು, ಕಿಂಡಿಯಲ್ಲಿ ಅಂಕಿ, ಗುಂಡಿ ಒತ್ತಿ ಮುಗಿದಾಗ ಸೊನ್ನೆ: ಮಾರುಕಟ್ಟೆಯ ಪೆನ್ನುಗಳ ಈ ಕ್ರಮವನ್ನೇ ನಾವೂ ಅನುಸರಿಸಿದ್ದೇವೆ. ಇಲ್ಲಿನ ಹತ್ತಿ ಗಿರಣಿಯೊಂದರ ನೇಯ್ಗೆ ವಿಭಾಗದಲ್ಲಿ ದುಡಿದು ನಿವೃತ್ತರಾದ ನಮ್ಮ ದೊಡ್ಡಪ್ಪನವರ ಕೈಗೆ ಸೂಜಿಯಿಲ್ಲದ ಮಾದರಿಯನ್ನು ಕೊಟ್ಟಾಗ, ಮಗ್ಗಗಳ ಸದ್ದಿನಿಂದ ಮಂದವಾದ ಅವರ ಕಿವಿಗೆ ಟಿಕ್ ಕೇಳಿಸಲಿಲ್ಲ, ಕಿಂಡಿಯ ಅಂಕಿಯೂ ಸ್ಪಷ್ಟವಾಗಿ ಕಾಣಲಿಲ್ಲ, “ಮುಗೀತೇನವ್ವಾ?” ಎಂದು ನನ್ನನ್ನೇ ಕೇಳಿದರು. ಮನೆಯಲ್ಲಿ ಒಬ್ಬರೇ ಇರುವಾಗ ಅವರು ಯಾರನ್ನು ಕೇಳಬೇಕು? ಸದ್ದನ್ನು ಜೋರು ಮಾಡಿದರೆ ಸಾಕೇ, ಅಥವಾ ಬ್ಯಾಟರಿ, ಮೊಬೈಲುಗಳ ನೆರವಿಲ್ಲದೆ ಇದಕ್ಕೆ ಬೇರೆ ದಾರಿ ಇದೆಯೇ?

ಉತ್ತರ: ಶುಶ್ರೂಷಕಿ, ಚಿತ್ರದುರ್ಗ

ನಿಮ್ಮ ದೊಡ್ಡಪ್ಪನವರ ಪ್ರಶ್ನೆಯನ್ನು ನಾನು ವಾರ್ಡಿನಲ್ಲಿ ಮೇಲಿಂದ ಮೇಲೆ ಕೇಳುತ್ತೇನೆ. ಬಹುಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಅನೇಕರಿಗೆ ಅಕ್ಷಿಪಟಲ ಹಾಳಾಗಿ ದೃಷ್ಟಿ ಕುಂದಿರುತ್ತದೆ, ನರಗಳು ಸೊರಗಿ ಬೆರಳ ತುದಿ ಜೋಮು ಹಿಡಿದಿರುತ್ತದೆ. ಆದ್ದರಿಂದ ಕಣ್ಣು, ಕಿವಿ, ಬೆರಳು ಈ ಮೂರರಲ್ಲಿ ಯಾವುದೊಂದು ಸಾಲದಾದರೂ ಉಳಿದವುಗಳಿಂದ ತಿಳಿಯುವಂತಿರಬೇಕು.

ಅದಕ್ಕಿಂತ ಮುಖ್ಯವಾದದ್ದು, ಸೊನ್ನೆಯನ್ನು ನಂಬುವಂತಿಲ್ಲ ಎಂಬುದು. ಸೊನ್ನೆ ಕಂಡ ಕೂಡಲೇ ಸೂಜಿ ಎಳೆದುಬಿಡುವವರಿದ್ದಾರೆ. ಆಗ ಸೂಜಿಯ ತುದಿಯಿಂದ ಔಷಧಿ ಹೊರಗೆ ತೊಟ್ಟಿಕ್ಕುತ್ತದೆ. ಗುಂಡಿ ಒತ್ತುವುದರ ಬದಲು ಡಯಲನ್ನೇ ಹಿಂದಕ್ಕೆ ತಿರುಗಿಸಿ ಸೊನ್ನೆಗೆ ತರುವವರಿದ್ದಾರೆ. ಸೂಜಿಯ ಒಳಮುಚ್ಚಳವನ್ನು ತೆಗೆಯದೆ ಒತ್ತುವವರೂ ಇದ್ದಾರೆ. ಈ ಮೂರು ಸಂದರ್ಭಗಳಲ್ಲಿಯೂ ಕಿಂಡಿ ತೋರಿಸುವುದು ಸೊನ್ನೆಯನ್ನೇ.

ಪೆನ್ನಿನ ಮೇಲೆ ನಂಬಿಕೆ ಹೋದರೆ ಜನ ಅದರ ಕಾರ್ಟ್ರಿಡ್ಜಿನಿಂದಲೇ ಸಿರಿಂಜಿಗೆ ಔಷಧಿ ಎಳೆದುಕೊಳ್ಳುವ ಅಪಾಯವಿದೆ. ನಮ್ಮಲ್ಲಿ ಸೀಸೆಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100 ಯೂನಿಟ್. ಸೀಸೆಯ ಔಷಧಿಗೆಂದು ಗೆರೆ ಹಾಕಿದ 40ರ ಸಿರಿಂಜಿನಲ್ಲಿ 10ರ ಗೆರೆಯವರೆಗೆ ಪೆನ್ನಿನ ಔಷಧಿ ಎಳೆದರೆ ಮೈಗೆ ಹೋಗುವುದು 25 ಯೂನಿಟ್. ಸಕ್ಕರೆ ಪ್ರಾಣಾಪಾಯದ ಮಟ್ಟಕ್ಕೆ ಇಳಿಯಲು ಅಷ್ಟು ಸಾಕು. ಸ್ಪಷ್ಟ ಸೂಚನೆ ಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಉತ್ತರ: ಉಪಕರಣ ವಿನ್ಯಾಸಕ, ಊರು ಹೊಳಲ್ಕೆರೆ

ಸಿಸ್ಟರ್ ಹೇಳಿದ್ದು ಸಮಸ್ಯೆಯ ಬೇರನ್ನೇ ಮುಟ್ಟುತ್ತದೆ. ಟಿಕ್ ಸದ್ದಾಗಲಿ ಅಂಕಿಯಾಗಲಿ ಹೇಳುವುದು ಹಲ್ಲುಚಕ್ರ ಎಷ್ಟು ಚಲಿಸಿತೆಂಬುದನ್ನು ಮಾತ್ರ. ಕಾರ್ಟ್ರಿಡ್ಜಿನ ರಬ್ಬರ್ ಬಿರಡೆ ಒತ್ತಡಕ್ಕೆ ಕುಗ್ಗಿ ನಿಧಾನವಾಗಿ ಹಿಗ್ಗುತ್ತದೆ, ಗಾಳಿಗುಳ್ಳೆಯಿದ್ದರೆ ಅದೂ ಹಾಗೆಯೇ ವರ್ತಿಸುತ್ತದೆ, ಸೂಜಿಯ ರಂಧ್ರವೂ ಬಹಳ ಕಿರಿದು. ಹೀಗಾಗಿ ಯಂತ್ರ ನಿಂತ ಮೇಲೂ ಔಷಧಿ ಹರಿಯುತ್ತಿರುತ್ತದೆ. ಸೂಜಿಯನ್ನು 6ರಿಂದ 10 ಸೆಕೆಂಡು ಚರ್ಮದಲ್ಲಿಯೇ ಇರಿಸಿಕೊಳ್ಳಬೇಕೆಂದು ಪೆನ್ನುಗಳ ಸೂಚನಾಪತ್ರಗಳು ಹೇಳುವುದು ಇದಕ್ಕಾಗಿಯೇ. ಆದರೆ ಆ ಸೆಕೆಂಡುಗಳನ್ನು ಎಣಿಸುವ ಹೊಣೆಯನ್ನು ರೋಗಿಯ ಮೇಲೆ ಹೊರಿಸಿರುವುದು ನನಗೆ ಒಪ್ಪಿಗೆಯಾಗದ ಸಂಗತಿ. ಅದನ್ನು ಪೆನ್ನು ಹೊರಬೇಕು.

ನಿಮ್ಮ ಮಾದರಿಯಲ್ಲಿ ಕೊನೆಯ ಸೂಚನೆಯನ್ನು ಎಣಿಕೆಯ ಟಿಕ್‌ಗಳಿಂದ ಪೂರ್ತಿ ಬೇರೆಯಾಗಿಸಿ. ಗುಂಡಿ ತಳ ಮುಟ್ಟಿದಾಗ ಸಿಲಿಕೋನ್ ಗ್ರೀಸ್ ತುಂಬಿದ ಸಣ್ಣ ಡ್ಯಾಂಪರ್ (ಚಲನೆಯನ್ನು ನಿಧಾನಗೊಳಿಸುವ ಭಾಗ) ಒಂದು ಬಿಡುಗಡೆಯಾಗಿ, 10 ಸೆಕೆಂಡು ಕಳೆದ ಮೇಲೆ ಬದಿಯಿಂದ ದಪ್ಪನೆಯ ಉಬ್ಬೊಂದು ಪಟ್ಟನೆ ಹೊರಚಿಮ್ಮುವಂತೆ ಮಾಡಬಹುದು. ಜೋಮು ಹಿಡಿದ ಬೆರಳಿಗೆ ಸಣ್ಣ ಕಂಪನಕ್ಕಿಂತ ಆಕಾರದ ಬದಲಾವಣೆ ಚೆನ್ನಾಗಿ ತಿಳಿಯುತ್ತದೆ. ಉಬ್ಬಿಗೆ ಕಡುಬಣ್ಣವಿರಲಿ, ಕೆಂಪು-ಹಸಿರುಗಳ ವ್ಯತ್ಯಾಸವನ್ನು ಮಾತ್ರ ನೆಚ್ಚಬೇಡಿ. ಡಯಲನ್ನು ಹಿಂದಕ್ಕೆ ತಿರುಗಿಸಿ ಸೊನ್ನೆಗೆ ತಂದಾಗ ಉಬ್ಬು ಏಳಕೂಡದು. ಹಾಗಾದರೆ ಸಿಸ್ಟರ್ ಹೇಳಿದ ಎರಡನೆಯ ತಪ್ಪು ತಾನಾಗಿಯೇ ಹೊರಬೀಳುತ್ತದೆ. ಒಳಮುಚ್ಚಳದ ತಪ್ಪನ್ನು ಮಾತ್ರ ಇದು ಹಿಡಿಯಲಾರದು. ಅದಕ್ಕೆ ಪ್ರತಿಸಲವೂ ಮೊದಲು 2 ಯೂನಿಟ್ ಹೊರಚೆಲ್ಲಿ ಹನಿ ಬಂತೇ ಎಂದು ನೋಡುವ ಅಭ್ಯಾಸವೇ ಆಧಾರ.

ಇನ್ನೊಂದು ಮಾತು: ಗ್ರೀಸ್ ಬಿಸಿಯಾದಷ್ಟೂ ತೆಳುವಾಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಉಬ್ಬು ಬೇಗ ಚಿಮ್ಮಿ ಸುಳ್ಳು ಹೇಳದಂತೆ, ಆ ಸೆಖೆಯಲ್ಲಿಯೂ 10 ಸೆಕೆಂಡಿಗೆ ಕಡಿಮೆಯಾಗದ ಹಾಗೆ ಅಳತೆ ಇಟ್ಟುಕೊಳ್ಳಿ. ಚಳಿಯಲ್ಲಿ ಸ್ವಲ್ಪ ತಡವಾದರೆ ತೊಂದರೆಯಿಲ್ಲ.

ಉತ್ತರ: ರೋಗಿಯೊಬ್ಬರ ಮಗ, ಚಳ್ಳಕೆರೆ

ನಮ್ಮ ತಾಯಿಯವರ ಕಷ್ಟ ಚುಚ್ಚಿಕೊಂಡು ಅರ್ಧ ಗಂಟೆಯಾದ ಮೇಲೆ ಶುರುವಾಗುತ್ತದೆ. ತಗೊಂಡೆನೋ ಇಲ್ಲವೋ ಎಂಬ ಅನುಮಾನಕ್ಕೆ ಎರಡನೆಯ ಸಲ ಚುಚ್ಚಿಕೊಂಡರೆ ಗತಿಯೇನು? ಕಳೆದ ಸಲದ ಪ್ರಮಾಣವನ್ನೂ ಸಮಯವನ್ನೂ ನೆನಪಿಡುವ ಪೆನ್ನುಗಳು ಈಗಾಗಲೇ ಇವೆ, ಆದರೆ ಅವುಗಳಿಗೆ ಬ್ಯಾಟರಿ ಬೇಕು. ಮುಂದಿನ ಸಲ ಡಯಲ್ ತಿರುಗಿಸುವವರೆಗೆ ಆ ಉಬ್ಬು ಹಾಗೆಯೇ ನಿಲ್ಲುವುದಾದರೆ ನಮ್ಮಂಥವರಿಗೆ ದೊಡ್ಡ ಉಪಕಾರವಾಗುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಉಬ್ಬು ನಿಲ್ಲುವಂತೆ ಒಂದು ಕೊಂಡಿ ಸೇರಿಸಬಹುದು. ಆದರೆ ಸರ್, ಉಬ್ಬು ಎದ್ದಾಗ ಹರಿವು ನಿಜವಾಗಿಯೂ ನಿಂತಿದೆ ಎಂಬುದನ್ನು ಕಾಲೇಜಿನಲ್ಲಿಯೇ ಪರೀಕ್ಷಿಸುವುದು ಹೇಗೆ?

ಉತ್ತರ: ಉಪಕರಣ ವಿನ್ಯಾಸಕ

ರಸಾಯನಶಾಸ್ತ್ರ ಪ್ರಯೋಗಾಲಯದ ಸೂಕ್ಷ್ಮ ತಕ್ಕಡಿ ಸಾಕು. ಕಾರ್ಟ್ರಿಡ್ಜಿನಲ್ಲಿ ನೀರು ತುಂಬಿ, ತಕ್ಕಡಿಯ ಮೇಲಿನ ಪುಟ್ಟ ಪಾತ್ರೆಯ ನೀರಿನಲ್ಲಿ ಸೂಜಿಯ ತುದಿ ಮುಳುಗಿರುವಂತೆ ಪೆನ್ನನ್ನು ಸ್ಟ್ಯಾಂಡಿಗೆ ಬಿಗಿಯಿರಿ. 10 ಯೂನಿಟ್ ಎಂದರೆ 0.1 ಮಿಲಿಲೀಟರ್, ತೂಕದಲ್ಲಿ ಸುಮಾರು 100 ಮಿಲಿಗ್ರಾಂ. ತೂಕ ಏರುವುದು ನಿಂತ ಕ್ಷಣವನ್ನೂ ಉಬ್ಬು ಎದ್ದ ಕ್ಷಣವನ್ನೂ ಒಂದೇ ವಿಡಿಯೋದಲ್ಲಿ ಹಿಡಿಯಿರಿ. ಗುಳ್ಳೆಯಿರುವ ಕಾರ್ಟ್ರಿಡ್ಜಿನಲ್ಲಿಯೂ ಇದನ್ನೇ ಮಾಡಿ ನೋಡಿ. ಪ್ರಮಾಣದ ನಿಖರತೆಗೆ ಐಎಸ್ಒ 11608-1, ಬಳಕೆಯ ಸುಲಭತೆಗೆ ಐಇಸಿ 62366-1 ಎಂಬ ಮಾನದಂಡಗಳಿವೆ, ಅವುಗಳನ್ನು ಈಗಲೇ ಓದಲು ಆರಂಭಿಸಿ. ಮಾದರಿಯನ್ನು ದೊಡ್ಡಪ್ಪನವರೂ ಸೇರಿದಂತೆ ಯಾರ ಮೈಗೂ ಚುಚ್ಚಬೇಡಿ. ಅವರ ಕೈಗೆ ಕೊಡುವಾಗ ಸ್ಪಂಜಿನ ತುಂಡೊಂದನ್ನು ಜೊತೆಗೆ ಕೊಡಿ.