ಪದಚರ್ಚೆ: ‘ಯಾದೃಚ್ಛಿಕ’ಕ್ಕೆ ಆಡುಮಾತಿನ ಪದ ಇದೆಯಾ?

ಗೆಳೆಯರೇ, ನಮಸ್ಕಾರ.

ಒಂದು ಪದ ನನ್ನನ್ನು ವಾರದಿಂದ ಕಾಡುತ್ತಿದೆ. ಪುಣೆಯಲ್ಲಿ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲಿ ಹೊಸದೊಂದು ಏರ್ಪಾಡು ನಡೆದಿದೆ. ಬಿಪಿ ಮಾತ್ರೆ ಮರೆಯಬೇಡಿ ಅಂತ ದಿನಾ ಫೋನಿನಲ್ಲಿ ಅವರವರ ಭಾಷೆಯಲ್ಲೇ ನೆನಪಿಸುವುದು. ಇದರಿಂದ ಉಪಯೋಗ ಇದೆಯಾ ಅಂತ ಲೆಕ್ಕ ಹಾಕಿ ನೋಡಬೇಕು. ಅರ್ಧ ಜನಕ್ಕೆ ಫೋನು, ಉಳಿದವರಿಗೆ ಈಗಿನಂತೆಯೇ. ಆರು ತಿಂಗಳಾದ ಮೇಲೆ ಎರಡೂ ಗುಂಪಿನ ಬಿಪಿ ಹೋಲಿಸುವುದು. ಬರುವವರಲ್ಲಿ ವಾಕಡ್, ಹಿಂಜವಡಿ ಕಡೆ ಕಟ್ಟಡ ಕೆಲಸಕ್ಕಿರುವ ಯಾದಗಿರಿ, ಕಲಬುರಗಿಯವರು ಜಾಸ್ತಿ. ಒಪ್ಪಿಗೆ ಪತ್ರ ಅವರಿಗೆ ತಿಳಿಯುವ ಭಾಷೆಯಲ್ಲಿರಬೇಕು ಅನ್ನೋದು ನಿಯಮ. ಕನ್ನಡಕ್ಕೆ ತರುವ ಕೆಲಸ ನನ್ನ ತಲೆಗೆ ಬಂತು.

ಯಾರು ಯಾವ ಗುಂಪಿಗೆ ಅನ್ನುವುದನ್ನು ‘ರ‍್ಯಾಂಡಮ್’ ಆಗಿ ತೀರ್ಮಾನಿಸುತ್ತಾರೆ. ಪಠ್ಯಪುಸ್ತಕದ ಪದ ‘ಯಾದೃಚ್ಛಿಕ’. ಮರಾಠಿಯಲ್ಲೂ ಅದೇ. ಅರ್ಥ ಏನೋ ಸರಿಯಾಗಿದೆ. ಗೀತೆಯ ನಾಲ್ಕನೇ ಅಧ್ಯಾಯದಲ್ಲಿ ‘ಯದೃಚ್ಛಾಲಾಭಸಂತುಷ್ಟೋ’ ಅಂತ ಬರುತ್ತದಲ್ಲ, ತಾನಾಗಿ ಬಂದದ್ದರಲ್ಲಿ ತೃಪ್ತನಾದವನು ಅಂತ, ಅದೇ ಯದೃಚ್ಛೆ. ಆದರೆ ಓದಿದವರ ಕಿವಿಗೂ ಅದರೊಳಗೆ ‘ಇಚ್ಛೆ’ ಕೇಳಿಸುತ್ತದೆ. ಗಾರೆ ಕೆಲಸದವರಿಗಂತೂ ಬಿಡಿ, ನಾಲಿಗೆಯೇ ಹೊರಳುವುದಿಲ್ಲ.

ಆಡುಮಾತಿಗೆ ಇಳಿದರೆ ‘ಮನಸ್ಸಿಗೆ ಬಂದಂತೆ’, ‘ಬೇಕಾಬಿಟ್ಟಿ’, ‘ಅಡ್ಡಾದಿಡ್ಡಿ’ ಸಿಗುತ್ತವೆ. ಮೂರೂ ಉಲ್ಟಾ ಅರ್ಥ ಕೊಡುತ್ತವೆ. ಇಲ್ಲಿ ಯಾರ ಮನಸ್ಸೂ ನಡೆಯಬಾರದು. ಹೇಳಿದ ಮಾತು ಕೇಳುವವರನ್ನೇ ಡಾಕ್ಟರು ಫೋನಿನ ಗುಂಪಿಗೆ ಹಾಕಿಬಿಟ್ಟರೆ, ಬಿಪಿ ಇಳಿದದ್ದು ಫೋನಿನಿಂದಲೋ ಅವರ ಗುಣದಿಂದಲೋ ಹೇಗೆ ಗೊತ್ತಾಗಬೇಕು? ‘ಕಣ್ಮುಚ್ಚಿ ಹಂಚುವುದು’ ಚೆನ್ನಾಗಿತ್ತು. ಆದರೆ ಯಾರಿಗೆ ಯಾವ ಚಿಕಿತ್ಸೆ ಅನ್ನುವುದನ್ನು ಮುಚ್ಚಿಡುವುದು ಬೇರೆಯೇ ಒಂದು ಪದ್ಧತಿ, ಇಂಗ್ಲಿಷಿನಲ್ಲಿ ‘ಬ್ಲೈಂಡಿಂಗ್’. ‘ಕಣ್ಣು’ ಅನ್ನುವ ಪದ ಅದಕ್ಕೆ ಬೇಕಾಗುತ್ತದೆ, ಇಲ್ಲಿ ಖರ್ಚು ಮಾಡುವಂತಿಲ್ಲ.

ಕೊನೆಗೆ ‘ಚೀಟಿ ಎತ್ತಿ’ ಅಂತ ಬರೆದೆ. ಇತಿಹಾಸವೂ ಜೊತೆಗಿದೆ ಅಂತ ಖುಷಿಯಾಗಿತ್ತು. 1948ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ, ಸ್ಟ್ರೆಪ್ಟೊಮೈಸಿನ್ ಅನ್ನುವ ಕ್ಷಯದ ಔಷಧಿಯ ಪ್ರಯೋಗದಲ್ಲಿ ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ 107 ಕ್ಷಯರೋಗಿಗಳನ್ನು ಹೀಗೆಯೇ ಎರಡು ಗುಂಪು ಮಾಡಿದ್ದು. ಮುಚ್ಚಿದ ಲಕೋಟೆ, ಒಳಗೊಂದು ಚೀಟಿ.

ಪತ್ರವನ್ನು ಮೊದಲು ಒಬ್ಬ ಅಕ್ಕನಿಗೆ ಓದಿ ಹೇಳಿದೆ. ‘ಚೀಟಿ’ ಅಂದ ಕೂಡಲೇ ಪ್ಲಾಸ್ಟಿಕ್ ಚೀಲ ಬಿಚ್ಚಿ, ನಾಲ್ಕು ಮಡಿಕೆ ಹಾಕಿ ಅಂಚು ಸವೆದ ಹಳೇ ಔಷಧಿ ಚೀಟಿ ತೆಗೆದು ನನ್ನ ಕೈಗಿಟ್ಟರು! ಆಸ್ಪತ್ರೆಯಲ್ಲಿ ಚೀಟಿ ಅಂದ್ರೆ ಅದೇ ಅಲ್ವಾ. ಬಿಡಿಸಿ ಹೇಳಿದ ಮೇಲೆ ಇನ್ನೊಂದು ಪ್ರಶ್ನೆ: “ಹಂಗಾರ ಲಾಟ್ರಿ ಅನ್ರಿ. ನನಗ ಫೋನ್ ಬರಲಿಲ್ಲಂದ್ರ ನನ್ನ ನಸೀಬ ಸುಮಾರು ಅಂತೇನ್ರಿ?”

ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಲಾಟರಿಯಲ್ಲಿ ಗೆದ್ದವರು, ಸೋತವರು ಇರುತ್ತಾರೆ. ಮರಾಠಿ ಪ್ರತಿಯಲ್ಲಿ ‘ನಾಣೇಫೇಕ್’ ಅಂತಿದೆ, ಅಂದರೆ ಟಾಸು. ಅದರಲ್ಲೂ ಒಬ್ಬರು ಗೆಲ್ಲಲೇಬೇಕು. ಇಲ್ಲಿ ಯಾವುದು ಮೇಲು ಅಂತ ಯಾರಿಗೂ ಇನ್ನೂ ಗೊತ್ತಿಲ್ಲ. 1956ರಲ್ಲಿ ಮದ್ರಾಸಿನಲ್ಲಿ ಶುರುವಾದ ಕ್ಷಯದ ಪ್ರಯೋಗ ನೆನಪಾಗುತ್ತದೆ. ಕೆಲವರನ್ನು ಸ್ಯಾನಟೋರಿಯಂಗೆ, ಅಂದರೆ ಕ್ಷಯರೋಗಿಗಳನ್ನು ಇರಿಸಿಕೊಂಡು ನೋಡುವ ಆಸ್ಪತ್ರೆಗೆ, ಸೇರಿಸಿದರು, ಕೆಲವರಿಗೆ ಮನೆಯಲ್ಲೇ ಮಾತ್ರೆ. ಸ್ಯಾನಟೋರಿಯಂ ಸಿಕ್ಕವರೇ ಪುಣ್ಯವಂತರು ಅಂತ ಆಗಿನವರಿಗೆ ಅನ್ನಿಸಿರಬೇಕು. 1959ರಲ್ಲಿ ವರದಿ ಬಂದಾಗ ನೋಡಿದರೆ, ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು.

ಸದ್ಯಕ್ಕೆ ಹೀಗೆ ಬರೆದಿದ್ದೇನೆ: “ನೀವು ಯಾವ ಗುಂಪು ಅಂತ ನೀವೂ ಆರಿಸುವಂತಿಲ್ಲ, ನಾವೂ ಆರಿಸುವಂತಿಲ್ಲ. ಹೆಸರು, ಊರು ನೋಡದೆ ಕಂಪ್ಯೂಟರ್ ಹಂಚುತ್ತದೆ. ಯಾವ ಗುಂಪಿಗೆ ಒಳ್ಳೆಯದಾಗುತ್ತದೆ ಅಂತ ನಮಗೂ ಗೊತ್ತಿಲ್ಲ.” ಅಕ್ಕ ತಲೆಯಾಡಿಸಿದರು. ಆದರೆ ಕೋಷ್ಟಕದ ತಲೆಬರಹಕ್ಕೆ ಮೂರು ವಾಕ್ಯ ಹಿಡಿಸುವುದಿಲ್ಲ, ಒಂದೇ ಪದ ಬೇಕು. ‘ಆಯ್ಕೆಯಿಲ್ಲದ ಹಂಚಿಕೆ’ ಹೇಗೆ? ಬೇರೆ ಗತಿಯಿಲ್ಲ ಅಂತ ಕೇಳಿಸುತ್ತದಾ? ಕಲಬುರಗಿ ಕಡೆಯವರು ಇದ್ದರೆ ನಿಮ್ಮ ಮಾತಿನಲ್ಲಿ ಏನನ್ನುತ್ತೀರಿ ತಿಳಿಸಿ.

ಇನ್ನೊಂದು, ಚಿಕ್ಕದು. ‘ಸ್ಯಾಂಪಲ್’ಗೂ ‘ಮಾಡೆಲ್’ಗೂ ನಾವು ‘ಮಾದರಿ’ ಅಂತಲೇ ಬರೆಯುತ್ತೇವೆ. ಮೊದಲನೆಯದಕ್ಕೆ ಮರಾಠಿಯವರ ಹಾಗೆ ‘ನಮೂನೆ’ ಅನ್ನೋಣ ಅಂದರೆ, ನಮ್ಮಲ್ಲಿ ಅದು ಅರ್ಜಿ ಫಾರಂ ಆಗಿ ಕೂತಿದೆ. ನಾನು ಸುಮ್ನೆ ಸ್ಯಾಂಪಲ್ ಅಂತಲೇ ಬಿಟ್ಟಿದ್ದೇನೆ.

ಸೋಮವಾರ ಎಥಿಕ್ಸ್ ಕಮಿಟಿಗೆ ಪ್ರತಿ ಕೊಡಬೇಕು. ಭಾನುವಾರದೊಳಗೆ ಬರೆದರೆ ಉಪಕಾರ.